ಕಡಿಮೆ ಖರ್ಚಿನಲ್ಲಿ ಹಳೆಯ ಬೀಟಲ್ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವುದು: ಕಾರವಾರದ ಚಪ್ಪರದಿಂದ ಒಂದು ಸಮಗ್ರ ಮಾರ್ಗದರ್ಶಿ

ಕೋಡಿಬಾಗದ ನಮ್ಮ ಮನೆಯ ಹಿಂದೆ ತೆಂಗಿನ ಗರಿಯ ಚಪ್ಪರವೊಂದಿದೆ. 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ನಾನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದು ಅಲ್ಲಿಯೇ. ಕಾರು ಮಡಗಾಂವಿನಿಂದ ಬಂದದ್ದು. ಬಂದಾಗ ಎಂಜಿನ್ ಓಡುತ್ತಿತ್ತು, ಆದರೆ ನೀಲಿ ಹೊಗೆ ಬಿಡುತ್ತಿತ್ತು, ಬಿಸಿಯೇರಿದ ಮೇಲೆ ಆಯಿಲ್ ದೀಪ ಮಿಣುಕುತ್ತಿತ್ತು. ಕೈಯಲ್ಲಿ ದುಡ್ಡು ಹೆಚ್ಚಿರಲಿಲ್ಲ. ಹಾಗಾಗಿ ಪ್ರತಿ ಭಾಗಕ್ಕೂ ಮೊದಲು ಅಳತೆ, ಆಮೇಲೆ ಖರೀದಿ ಎಂದು ಹಟ ಹಿಡಿದು ಕೂತೆ. ಕಡಿಮೆ ಖರ್ಚಿನಲ್ಲಿ ಎಂಜಿನ್ ಕಟ್ಟಲು ನನಗೆ ತಿಳಿದಿರುವ ದಾರಿ ಇದೊಂದೇ.

ಗಾಳಿಯಿಂದ ತಂಪಾಗುವ ಈ ಎಂಜಿನ್ನಿನಲ್ಲಿ ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ. ನಾಲ್ಕು ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿರುತ್ತವೆ. ಡೈನಮೋದ ಶಾಫ್ಟಿಗೇ ಕಟ್ಟಿದ ಫ್ಯಾನು ಗಾಳಿಯನ್ನು ತಗಡಿನ ಗೂಡಿನೊಳಗಿಂದ ಸಿಲಿಂಡರಿನ ರೆಕ್ಕೆಗಳ ಮೇಲೆ ದೂಡುತ್ತದೆ. ಒಂದೊಂದು ಸಿಲಿಂಡರನ್ನೂ ಬೇರೆ ಬೇರೆಯಾಗಿ ಕಳಚಬಹುದು. ಮನೆಯಂಗಳದಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ.

ಮೊದಲು ರೋಗ ಗುರುತಿಸಿ

ಕೇಸ್ (ಎರಡು ಅರ್ಧಗಳಾಗಿರುವ ಎಂಜಿನ್ನಿನ ಕವಚ) ಒಡೆಯಲೇಬೇಕೋ, ಅಂದರೆ ಬಿಚ್ಚಿ ಎರಡಾಗಿಸಲೇಬೇಕೋ ಬೇಡವೋ ಎಂಬುದನ್ನು ಎಂಜಿನ್ ಕಾರಿನಲ್ಲಿರುವಾಗಲೇ ತಿಳಿಯಬಹುದು. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನ, ಹಿಂಬದಿಯ ಪುಲ್ಲಿಯನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ಜಗ್ಗಿ. ಆರೋಗ್ಯವಂತ ಎಂಜಿನ್ನಿನಲ್ಲಿ ಈ ಆಟ 0.07ರಿಂದ 0.13 ಮಿ.ಮೀ. ಮಾತ್ರ, ಅಂದರೆ ಕೈಗೆ ಗೊತ್ತಾಗುವುದೇ ಕಷ್ಟ. 0.15 ದಾಟಿದರೆ ಸವೆತದ ಮಿತಿ ಮೀರಿದಂತೆ. "ಟಕ್ ಟಕ್" ಎಂದು ಸದ್ದು ಬಂದರೆ ಕೇಸ್ ಒಡೆಯದೆ ಬೇರೆ ದಾರಿಯಿಲ್ಲ.

ಕಂಪ್ರೆಷನ್ ಗೇಜ್ ಎರವಲು ತಂದು ನಾಲ್ಕೂ ಸಿಲಿಂಡರ್ ನೋಡಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಳತೆ ಏರಿದರೆ ರಿಂಗ್ ಸವೆದಿವೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಪುಲ್ಲಿ ಗಟ್ಟಿಯಾಗಿದ್ದು, ಆಯಿಲ್ ದೀಪ ಸರಿಯಿದ್ದು, ಕಂಪ್ರೆಷನ್ ಮಾತ್ರ ಬಿದ್ದಿದ್ದರೆ ಕೇಸನ್ನು ಮುಟ್ಟಬೇಡಿ. ಹೆಡ್ ಮತ್ತು ಸಿಲಿಂಡರ್ ಮಾತ್ರ ತೆಗೆದು ಕೆಲಸ ಮುಗಿಸಿದರೆ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಡೈನಮೋ ಸ್ಟ್ಯಾಂಡಿನ ಬುಡದಲ್ಲಿ ಕೇಸಿನ ಮೇಲೆ ಕೊರೆದ ಎಂಜಿನ್ ನಂಬರನ್ನೂ ಈಗಲೇ ಬರೆದುಕೊಳ್ಳಿ. "ಎಫ್" ಎಂದು ಶುರುವಾದರೆ 1300, "ಎಚ್" ಇದ್ದರೆ 1500, "ಡಿ" ಇದ್ದರೆ 34 ಎಚ್‌ಪಿಯ 1200. ನನ್ನದು "ಎಫ್": 77 ಮಿ.ಮೀ. ಬೋರ್, 69 ಮಿ.ಮೀ. ಸ್ಟ್ರೋಕ್, 1285 ಸಿಸಿ. ಬಿಡಿಭಾಗ ತರಿಸುವಾಗ ಈ ಅಕ್ಷರ ತಪ್ಪಿದರೆ ದುಡ್ಡು ನೀರಿಗೆ ಹೋದ ಹಾಗೆ. ಆರ್‌ಸಿಯಲ್ಲಿರುವ ನಂಬರಿಗೂ ಇದಕ್ಕೂ ತಾಳೆಯಾಗಬೇಕು. ಬೇರೆ ಕೇಸ್ ಹಾಕುವ ಯೋಚನೆಯಿದ್ದರೆ ಆ ವಿಚಾರವನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಇಳಿಸುವುದು

ಎಂಜಿನ್ ನೂರು ಕೆಜಿ ದಾಟುತ್ತದೆ, ಆದರೆ ಗೇರ್‌ಬಾಕ್ಸಿಗೆ ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟು, ಎಲ್ಲ 17ರ ಪಾನಾ. ಬ್ಯಾಟರಿಯ ಅರ್ಥ್ ತಂತಿ ಮೊದಲು ಬಿಚ್ಚಿ. ಆಮೇಲೆ ಡೈನಮೋ, ಕಾಯಿಲ್, ಆಯಿಲ್ ಸ್ವಿಚ್ಚಿನ ತಂತಿಗಳು, ಆಕ್ಸಿಲರೇಟರ್ ಕೇಬಲ್, ಹೀಟರಿನ ಕೇಬಲ್ಲು ಮತ್ತು ಕೊಳವೆಗಳು. ಪೆಟ್ರೋಲ್ ಪೈಪ್ ಕಳಚಿ ಅದರ ಬಾಯಿಗೆ ಒಂದು ಬೋಲ್ಟು ತುರುಕಿ. ತಂತಿಗೆಲ್ಲ ಬಟ್ಟೆಪಟ್ಟಿ ಸುತ್ತಿ ಹೆಸರು ಬರೆಯಿರಿ.

ಕಾರಿನ ಹಿಂಭಾಗವನ್ನು ಸುಮಾರು ಮೂರಡಿ ಎತ್ತಬೇಕು. ನಮ್ಮ ಕಡೆ ಅಂಗಳದಲ್ಲಿ ಚಿರೇಕಲ್ಲು ಬಿದ್ದಿರುತ್ತದೆ, ಅದನ್ನೇ ಅಟ್ಟಿ ಮಾಡಿ ಕಾರು ನಿಲ್ಲಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒದ್ದೆಯಾದ ಚಿರೇಕಲ್ಲು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ, ಕೆಳಗೆ ನೀವಿರುತ್ತೀರಿ. ಕಬ್ಬಿಣದ ಸ್ಟ್ಯಾಂಡು ಬಾಡಿಗೆಗೆ ತನ್ನಿ, ಇಲ್ಲವೇ ಗಟ್ಟಿ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ. ಎಂಜಿನ್ನಿನ ಕೆಳಗೆ ಗಾಲಿಯ ಜ್ಯಾಕ್ ಇಟ್ಟು, ನೇರ ಹಿಂದಕ್ಕೆ ಎಳೆದು, ಗೇರ್‌ಬಾಕ್ಸಿನ ಶಾಫ್ಟು ಪೂರ್ತಿ ಹೊರಬಂದ ಮೇಲಷ್ಟೇ ಕೆಳಗಿಳಿಸಿ. ಎಂಜಿನ್ನಿನ ಭಾರ ಶಾಫ್ಟಿನ ಮೇಲೆ ತೂಗಬಾರದು.

ಬಿಚ್ಚುವುದು, ಜೋಡಿಸಿಡುವುದು

ಕ್ರ್ಯಾಂಕಿನ ಗೇರ್‌ಬಾಕ್ಸ್ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲಿನ ನಡುವಿನ ದೊಡ್ಡ ನಟ್ಟು 36 ಮಿ.ಮೀ. ಎಂಜಿನ್ ಇಡಿಯಾಗಿ ಭಾರವಿರುವಾಗಲೇ, ಅಂದರೆ ಮೊಟ್ಟಮೊದಲು, ಅದನ್ನು ಸಡಿಲಿಸಿ. ಆಮೇಲೆ ಎಲ್ಲ ಬಿಚ್ಚಿ ಹಗುರಾದ ಕೇಸ್ ಹಿಡಿದುಕೊಂಡು ಅದನ್ನು ತಿರುಗಿಸಲು ಹೋದರೆ ಆಗುವುದಿಲ್ಲ.

ಬಿಡಿಭಾಗ ಇಡಲು ನಾನು ಬಳಸಿದ್ದು ಶಿರಸಿಯಿಂದ ಬಂದ ಅಡಿಕೆ ಹಾಳೆಯ ತಟ್ಟೆಗಳನ್ನು. ಪ್ರತಿ ಸಿಲಿಂಡರಿಗೆ ಒಂದು ತಟ್ಟೆ, ಅಂಚಿನಲ್ಲಿ ಮಾರ್ಕರಿನಿಂದ ಅಂಕಿ. ಹಾಳೆ ಆಯಿಲ್ ಹೀರುತ್ತದೆ, ನಟ್ಟು ಜಾರುವುದಿಲ್ಲ. ಕ್ಯಾಮ್ ತಿರುಗಿದಂತೆ ವಾಲ್ವ್ ತೆರೆಯುವ ಟ್ಯಾಪೆಟ್, ಪುಶ್‌ರಾಡ್, ರಾಕರ್ ಎಲ್ಲ ತಮ್ಮ ತಮ್ಮ ತೂತಿಗೇ ಮರಳಬೇಕು. ಹಳೆಯ ಕ್ಯಾಮ್‌ಶಾಫ್ಟಿನ ಜೊತೆ ಹಳೆಯ ಟ್ಯಾಪೆಟ್ ಅದಲುಬದಲಾದರೆ ಎರಡೂ ಬೇಗ ಸವೆಯುತ್ತವೆ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕೆಳಗಿನ ಡ್ರೈವ್ ಶಾಫ್ಟ್ ಮೇಲಕ್ಕೆತ್ತುವಾಗ ಹುಷಾರು. ಅದರ ತಳದಲ್ಲಿ ತೆಳ್ಳನೆಯ ವಾಷರ್ ಇರುತ್ತದೆ. ಆಯಿಲಿನಲ್ಲಿ ಅಂಟಿಕೊಂಡು ಬಂದರೂ ಬಂತು, ಕೇಸಿನೊಳಗೆ ಬಿದ್ದರೂ ಬಿತ್ತು. ಎಷ್ಟು ವಾಷರ್ ಹೊರಬಂದವು ಎಂದು ಎಣಿಸಿ ಬರೆದಿಡಿ.

ತೊಳೆಯಲು ಡೀಸೆಲ್ಲು, ಬಣ್ಣದ ಬ್ರಷ್ಷು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಬ್ಬಿಣದ ಎಂಜಿನ್ ತೊಳೆಯಲು ಕಾಸ್ಟಿಕ್ ಸೋಡಾದ ಕುದಿನೀರು ಬಳಸುವ ಗ್ಯಾರೇಜುಗಳಿವೆ. ನನ್ನ ಒಂದು ಹೆಡ್ಡನ್ನು ಒಂದು ಗ್ಯಾರೇಜಿನಲ್ಲಿ ಕೇಳದೆಯೇ ಅದರಲ್ಲಿ ಮುಳುಗಿಸಿಬಿಟ್ಟರು. ಅಲ್ಯೂಮಿನಿಯಂ ನೊರೆಗಟ್ಟಿ ಕರಗಿ, ಸಿಲಿಂಡರ್ ಕೂರುವ ಅಂಚು ಹಲ್ಲು ಹಲ್ಲಾಗಿ ಹೋಯಿತು. ಆ ಹೆಡ್ ಮತ್ತೆ ಕೆಲಸಕ್ಕೆ ಬರಲಿಲ್ಲ. ಕೇಸ್ ಮ್ಯಾಗ್ನೀಶಿಯಂ ಮಿಶ್ರಲೋಹದ್ದು. ಅದನ್ನು ಉಜ್ಜಿದ ಪುಡಿಗೆ ಬೆಂಕಿ ತಗುಲಿದರೆ ನೀರು ಹಾಕಿ ಆರಿಸಲಾಗದು. ಗ್ರೈಂಡರ್ ಹತ್ತಿರ ತರಬೇಡಿ.

ಕಡಲ ಗಾಳಿಯಲ್ಲಿ ತೊಳೆದ ಉಕ್ಕು ಒಂದು ರಾತ್ರಿಗೇ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಕ್ರ್ಯಾಂಕಿಗೂ ಕ್ಯಾಮಿಗೂ ಆಯಿಲ್ ಬಳಿದು ಪ್ಲಾಸ್ಟಿಕ್ ಸುತ್ತಿಡಿ. ಜೂನ್ ಹತ್ತಿರ ಬಂದಿದ್ದರೆ ಕೇಸ್ ಒಡೆಯಲು ಹೋಗದೆ ಅಕ್ಟೋಬರಿಗೆ ಕಾಯುವುದೇ ವಾಸಿ.

ಅಳತೆ: ದುಡ್ಡು ಉಳಿಯುವುದು ಇಲ್ಲಿ

ಬೈತಕೋಲ ಬಂದರಿನ ಕಡೆ ಬೋಟಿನ ಎಂಜಿನ್ ಕೆಲಸ ಮಾಡುವ ಲೇತ್ ಅಂಗಡಿಗಳಿವೆ. ಬೀಟಲ್ ನೋಡಿರದಿದ್ದರೂ ಕ್ರ್ಯಾಂಕ್ ನೋಡಿದ ಕೈಗಳು ಅವು. ನಾನು ಕ್ರ್ಯಾಂಕ್ ಹೊತ್ತು ಹೋದಾಗ ಅಲ್ಲಿಯ ಹಿರಿಯರು ಮೈಕ್ರೋಮೀಟರ್ ಮುಟ್ಟುವ ಮೊದಲು ಜರ್ನಲ್ (ಬೇರಿಂಗ್ ಕೂರುವ ನಯವಾದ ಭಾಗ) ಒರೆಸಿ, ಅದರ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡ ಎಳೆದರು. "ತಮಾ, ಮೂರು ಕಡೆ ಜಾರ್ತದೆ. ಇಲ್ಲಿ ತಾಗ್ತದೆ ನೋಡು, ನೀನೇ ಎಳಿ" ಎಂದು ನನ್ನ ಬೆರಳು ಹಿಡಿದು ಎಳೆಸಿದರು. ಮೂರನೇ ಕನೆಕ್ಟಿಂಗ್ ರಾಡಿನ ಜರ್ನಲ್ಲಿನಲ್ಲಿ ಉಗುರು ಕಟ್ಟನೆ ನಿಂತಿತು. ಉಗುರು ನಿಂತ ಕ್ರ್ಯಾಂಕನ್ನು ಪಾಲಿಶ್ ಮಾಡಿ ಹಾಕುವಂತಿಲ್ಲ, ಗ್ರೈಂಡ್ ಆಗಲೇಬೇಕು.

ಹೊಸದಿದ್ದಾಗ ರಾಡ್ ಜರ್ನಲ್ ಮತ್ತು ಮೊದಲ ಮೂರು ಮೇನ್ ಜರ್ನಲ್ 55 ಮಿ.ಮೀ., ಪುಲ್ಲಿ ಬದಿಯ ನಾಲ್ಕನೆಯದು 40 ಮಿ.ಮೀ. ಗ್ರೈಂಡಿಂಗ್ 0.25, 0.50, 0.75 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಗ್ರೈಂಡ್ ಮಾಡಿಸಿ, ಅಳೆದು, ಆಮೇಲಷ್ಟೇ ಬೇರಿಂಗ್ ತರಿಸಿ. ಬೇರಿಂಗ್ ಮೊದಲು ತಂದಿಟ್ಟುಕೊಂಡು ಆಮೇಲೆ ಕ್ರ್ಯಾಂಕ್ 0.25ರಲ್ಲಿ ಶುದ್ಧವಾಗದೆ 0.50ಕ್ಕೆ ಹೋದರೆ ತಂದ ಸೆಟ್ ವ್ಯರ್ಥ.

ಕೇಸಿನ ಪರೀಕ್ಷೆಗೆ ದುಡ್ಡು ಬೇಡ. ಬೇರಿಂಗ್ ಇಲ್ಲದೆ ಎರಡು ಅರ್ಧಗಳನ್ನು ಒಣಗಿದಂತೆಯೇ ಜೋಡಿಸಿ ನಟ್ಟು ಬಿಗಿದು, ಕತ್ತಲಲ್ಲಿ ಒಳಗೆ ಟಾರ್ಚ್ ಹಾಕಿ ನೋಡಿ. ನಡುವಿನ ಗೋಡೆಗಳ ಸಂದಿನಲ್ಲಿ ಬೆಳಕು ಕಂಡರೆ ಕೇಸ್ ಬಾಗಿದೆ, ಮೇನ್ ಬೇರಿಂಗ್ ಕೂರುವ ತೂತುಗಳನ್ನು ಒಂದೇ ಸಾಲಿನಲ್ಲಿ ಮತ್ತೆ ಕೊರೆಸಬೇಕು. ಆ ಕೆಲಸಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಅಥವಾ ಕೊಲ್ಹಾಪುರದಲ್ಲಿ ವಿಚಾರಿಸಬೇಕಾಗುತ್ತದೆ. ಮೂರನೇ ಸಿಲಿಂಡರಿನ ಹಿಂದೆ, ಫ್ಲೈವೀಲ್ ಬದಿಗೆ, ಕೂದಲೆಳೆಯ ಬಿರುಕಿದೆಯೇ ಎಂದೂ ಹುಡುಕಿ. ಹಳೆಯ ಮಾದರಿಯಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೇ ಆ ಸಿಲಿಂಡರಿನ ಗಾಳಿಗೆ ಅಡ್ಡ ನಿಂತಿರುವುದರಿಂದ ಆ ಮೂಲೆ ಹೆಚ್ಚು ಕಾಯುತ್ತದೆ.

ಸಿಲಿಂಡರ್ ಮತ್ತು ಪಿಸ್ಟನ್ ನಡುವಿನ ಸಡಿಲ ಹೊಸದರಲ್ಲಿ 0.04ರಿಂದ 0.06 ಮಿ.ಮೀ., ಮಿತಿ 0.20. ರಿಂಗನ್ನು ಸಿಲಿಂಡರಿನೊಳಗೆ ಚಚ್ಚೌಕವಾಗಿ ದೂಡಿ ಬಾಯಿಯ ಅಂತರ ಅಳೆಯಿರಿ: ಮೇಲಿನ ಎರಡಕ್ಕೆ 0.30ರಿಂದ 0.45, ಆಯಿಲ್ ರಿಂಗಿಗೆ 0.25ರಿಂದ 0.40. ಸಿಲಿಂಡರ್ ಮಿತಿಯೊಳಗಿದ್ದರೆ ಹೋನ್ ಮಾಡಿಸಿ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿಸಿ) ರಿಂಗ್ ಮಾತ್ರ ಬದಲಿಸಿ. ನನ್ನವು ಮಿತಿ ದಾಟಿದ್ದವು, ಪಿಸ್ಟನ್ ಸಮೇತ ನಾಲ್ಕರ ಸೆಟ್ ತರಿಸಿದೆ.

ಆಯಿಲ್ ಪಂಪ್ ಹೊಸದು ಬೇಕಿಲ್ಲದಿರಬಹುದು. ಗೇರಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ನೋಡಿ, ಗ್ಯಾಸ್ಕೆಟ್ ಇಲ್ಲದೆ 0.1 ಮಿ.ಮೀ. ಮೀರಬಾರದು. ಮುಚ್ಚಳದಲ್ಲಿ ಗೇರ್ ಕೊರೆದ ಉಂಗುರದ ಗುರುತಿದ್ದರೆ ದಪ್ಪ ಗಾಜಿನ ಮೇಲೆ ನಯ ಎಮರಿ ಕಾಗದ ಹಾಸಿ, ಆಯಿಲ್ ಹನಿಸಿ, ಗುರುತು ಮಾಯವಾಗುವವರೆಗೆ ಮುಚ್ಚಳವನ್ನು ಎಂಟರ ಆಕಾರದಲ್ಲಿ ಉಜ್ಜಿ. ಒಂದು ತಾಸಿನ ಕೆಲಸ, ಒಂದು ಪಂಪಿನ ಉಳಿತಾಯ.

ಇನ್ನು ಎಲ್ಲಿ ಹಿಡಿತ ಮಾಡಬಾರದು: ಎಕ್ಸಾಸ್ಟ್ ವಾಲ್ವ್ ನಾಲ್ಕೂ ಹೊಸದೇ ಇರಲಿ. ನೋಡಲು ಚೆನ್ನಾಗಿದ್ದ ಹಳೆಯ ವಾಲ್ವಿನ ತಲೆ ಮುರಿದು ಬಿದ್ದರೆ ಪಿಸ್ಟನ್, ಸಿಲಿಂಡರ್, ಹೆಡ್ ಮೂರೂ ಹೋಗುತ್ತವೆ. ಇನ್‌ಲೆಟ್ ವಾಲ್ವ್ ಅಳತೆಯಲ್ಲಿದ್ದರೆ ಅದನ್ನೇ ಪೇಸ್ಟ್ ಹಾಕಿ ಅರೆದು ಕೂರಿಸಬಹುದು. ಹೆಡ್ ತಲೆಕೆಳಗಾಗಿಟ್ಟು ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಪೋರ್ಟಿನೊಳಗೆ ಒಂದು ಹನಿಯೂ ಇಳಿದಿರಬಾರದು. ನನ್ನ ಒಟ್ಟು ಖರ್ಚಿನ ಮುಕ್ಕಾಲು ಪಾಲು ಕ್ರ್ಯಾಂಕ್ ಮತ್ತು ಬೇರಿಂಗ್, ಪಿಸ್ಟನ್ ಸೆಟ್, ಹೆಡ್ ಈ ಮೂರಕ್ಕೇ ಹೋಯಿತು. ಕ್ರೋಮ್ ಮುಚ್ಚಳ, ಬಣ್ಣದ ತಗಡು, ದೊಡ್ಡ ಕಾರ್ಬೊರೇಟರ್ ಯಾವುದನ್ನೂ ತರಲಿಲ್ಲ.

ಕೇಸ್ ಮುಚ್ಚುವುದು

ಎಲ್ಲ ಆಯಿಲ್ ದಾರಿಗಳಿಗೆ ಡೀಸೆಲ್ ಬಿಟ್ಟು ಕಂಪ್ರೆಸರ್ ಗಾಳಿ ಹೊಡೆಯಿರಿ, ಕ್ರ್ಯಾಂಕಿನೊಳಗಿನ ತೂತುಗಳಿಗೂ. ಗ್ರೈಂಡಿಂಗಿನ ಪುಡಿ ಅಲ್ಲೇ ಅಡಗಿ ಕೂತಿರುತ್ತದೆ.

ಕನೆಕ್ಟಿಂಗ್ ರಾಡುಗಳನ್ನು ಕ್ರ್ಯಾಂಕಿಗೆ ಕಟ್ಟುವಾಗ, ಕೇಸಿನಲ್ಲಿ ಕೂತ ಸ್ಥಿತಿಯಲ್ಲಿ ಅಚ್ಚಿನ ಉಬ್ಬು ಗುರುತು ಮೇಲ್ಮುಖವಾಗಿರಬೇಕು. ರಾಡ್ ನಟ್ಟಿಗೆ 33 ನ್ಯೂಟನ್ ಮೀಟರ್ (ನಟ್ಟು ಬಿಗಿಯುವ ತಿರುಚು ಬಲದ ಅಳತೆ). ಬಿಗಿದ ಮೇಲೆ ರಾಡಿನ ಎರಡೂ ಭುಜಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ರಾಡನ್ನು ನೆಟ್ಟಗೆ ಎತ್ತಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಬೇಕು. ಸಿಕ್ಕಿಕೊಂಡರೂ ತಪ್ಪು, ದಪ್ಪನೆ ಬಿದ್ದರೂ ತಪ್ಪು.

ಮೇನ್ ಬೇರಿಂಗಿನ ತೂತು ಕೇಸಿನ ಡವೆಲ್ ಪಿನ್ನಿಗೆ ಕೂರಬೇಕು. ಕೂತ ಜಾಗದಲ್ಲಿ ಬೇರಿಂಗಿನ ಮೇಲೂ ಕೇಸಿನ ಅಂಚಿನ ಮೇಲೂ ಪೆನ್ಸಿಲ್ ಗೆರೆ ಎಳೆದಿಟ್ಟುಕೊಂಡರೆ ಕ್ರ್ಯಾಂಕ್ ಇಳಿಸುವಾಗ ಹುಡುಕಾಟವಿಲ್ಲ. ಕ್ಯಾಮ್ ಗೇರಿನ ಒಂದು ಗುರುತು ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ಬರಬೇಕು. ಕ್ಯಾಮಿಗೆ, ಟ್ಯಾಪೆಟ್ ಮುಖಕ್ಕೆ ಮಾಲಿಬ್ಡಿನಂ ಪೇಸ್ಟ್ ಧಾರಾಳವಾಗಿ ಹಚ್ಚಿ. ಫ್ಲೈವೀಲ್ ಬದಿಯ ಕ್ಯಾಮ್ ಮುಚ್ಚಳವನ್ನು ಮರೆಯಬೇಡಿ. ಅದೊಂದು ಬಿಟ್ಟುಹೋದರೆ ಎಲ್ಲ ಮತ್ತೆ ಬಿಚ್ಚಬೇಕು. ಜೋಡಿಸುವ ಮುಖಕ್ಕೆ ಸೀಲೆಂಟ್ ಬಲು ತೆಳ್ಳಗೆ. ಒಳಕ್ಕೆ ಒತ್ತಿ ಬಂದ ಮುದ್ದೆ ಆಯಿಲ್ ದಾರಿ ಕಟ್ಟುತ್ತದೆ.

ಒಂದನೇ ಬೇರಿಂಗಿನ ಕೆಳಗಿನ ದೊಡ್ಡ ಸ್ಟಡ್ಡಿನ ಪಕ್ಕದ 8 ಮಿ.ಮೀ. ಸ್ಟಡ್ಡಿನ ಸಣ್ಣ ನಟ್ಟನ್ನು ಮೊದಲು 20 ನ್ಯೂಟನ್ ಮೀಟರಿಗೆ, ಆಮೇಲೆ 12 ಮಿ.ಮೀ. ಸ್ಟಡ್ಡುಗಳ ಆರು ದೊಡ್ಡ ನಟ್ಟುಗಳನ್ನು 34ಕ್ಕೆ, ಕೊನೆಗೆ ಉಳಿದ ಸಣ್ಣವನ್ನು 20ಕ್ಕೆ ಬಿಗಿಯಿರಿ. ಪ್ರತಿ ಸುತ್ತಿನ ನಂತರ ಕ್ರ್ಯಾಂಕ್ ತಿರುಗಿಸಿ ನೋಡಿ. ಎಲ್ಲೇ ಬಿಗಿಯಾದರೂ ಅಲ್ಲೇ ನಿಲ್ಲಿಸಿ, ಬಿಚ್ಚಿ. ಹೆಚ್ಚಿನ ಸಲ ಒಂದು ಬೇರಿಂಗ್ ಪಿನ್ನಿನ ಮೇಲೆ ಕೂತಿರುವುದಿಲ್ಲ.

ಫ್ಲೈವೀಲ್, ಮೀನಿನ ತಕ್ಕಡಿ

ಕ್ರ್ಯಾಂಕಿನ ಆಟ ಕೂರಿಸಲು ಮೂರು ಶಿಮ್ (ತೆಳ್ಳನೆಯ ಲೋಹದ ಬಳೆ) ಬೇಕು. ಮೊದಲು ಎರಡನ್ನೇ ಹಾಕಿ, ಆಯಿಲ್ ಸೀಲ್ ಇಲ್ಲದೆ ಫ್ಲೈವೀಲ್ ಬಿಗಿದು, ಡಯಲ್ ಗೇಜಿನಲ್ಲಿ ಅಳೆಯಿರಿ. ಬಂದ ಅಳತೆಯಿಂದ 0.10 ಕಳೆದರೆ ಮೂರನೆಯ ಶಿಮ್ಮಿನ ದಪ್ಪ ಸಿಗುತ್ತದೆ. ನನಗೆ 0.44 ಬಂತು, 0.34ರ ಶಿಮ್ ಹಾಕಿದೆ. ಆಮೇಲೆ ಸೀಲ್ ಕೂರಿಸಿ ಮತ್ತೊಮ್ಮೆ ಫ್ಲೈವೀಲ್.

ಆ 36ರ ನಟ್ಟಿಗೆ ಬೇಕಾದದ್ದು 300 ನ್ಯೂಟನ್ ಮೀಟರ್. ಅಷ್ಟು ದೊಡ್ಡ ಟಾರ್ಕ್ ಪಾನಾ ಕೊಳ್ಳುವ ಶಕ್ತಿ ನನಗಿರಲಿಲ್ಲ. ಬಂದರಿನಲ್ಲಿ ಮೀನಿನ ಬುಟ್ಟಿ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಒಂದನ್ನು ಸಂಜೆಯ ಮಟ್ಟಿಗೆ ಕೇಳಿ ತಂದೆ. ಪಾನಾಕ್ಕೆ ಕಬ್ಬಿಣದ ಪೈಪ್ ತೂರಿಸಿ, ನಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರಿಗೆ ಗರಗಸದಿಂದ ಗೀರು ಹಾಕಿ, ಅಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿದೆ. ಪೈಪನ್ನು ನೆಲಕ್ಕೆ ಸಮವಾಗಿಟ್ಟುಕೊಂಡು, ಅಡ್ಡಲಾಗಿ, ಪೈಪಿಗೆ ಚಚ್ಚೌಕ ಕೋನದಲ್ಲಿ ಎಳೆಯಬೇಕು. ಹಾಗೆ ಎಳೆದರೆ ಪೈಪಿನ ಸ್ವಂತ ಭಾರ ಲೆಕ್ಕಕ್ಕೆ ಬರುವುದಿಲ್ಲ. ಮುಳ್ಳು 30 ಕೆಜಿ ದಾಟಿ 31ರ ಹತ್ತಿರ ಬಂದಾಗ 300 ನ್ಯೂಟನ್ ಮೀಟರ್ ಆಯಿತು. ಅಣ್ಣ ಎಂಜಿನ್ ಒತ್ತಿ ಹಿಡಿದಿದ್ದ, ನಾನು ಎಳೆಯುತ್ತಿದ್ದೆ, ಮುಳ್ಳು ಓದುವ ಕೆಲಸ ಮಗಳದ್ದು.

ಸಿಲಿಂಡರ್, ಹೆಡ್, ಪುಶ್‌ರಾಡ್ ಕೊಳವೆ

ಪಿಸ್ಟನ್ನಿನ ಬಾಣ ಫ್ಲೈವೀಲ್ ಕಡೆಗೆ. ನಾಲ್ಕು ಪಿಸ್ಟನ್‌ಗಳ ತೂಕದ ವ್ಯತ್ಯಾಸ 10 ಗ್ರಾಂ ಮೀರಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು. ಸಿಲಿಂಡರ್ ಕೂರಿಸಿದ ಕೂಡಲೇ ಅವುಗಳ ಕೆಳಗಿನ ಗಾಳಿ ತಿರುಗಿಸುವ ತಗಡನ್ನು ಸಿಕ್ಕಿಸಿ.

ಪುಶ್‌ರಾಡ್ ಕೊಳವೆಯ ಸುಕ್ಕನ್ನು ಮೆಲ್ಲಗೆ ಹಿಗ್ಗಿಸಿ 190–191 ಮಿ.ಮೀ. ಉದ್ದ ಮಾಡಿ, ಬೆಸುಗೆಯ ಗೆರೆ ಮೇಲ್ಮುಖವಾಗಿ ಕೂರಿಸಿ. ಅಳತೆ ಕಡಿಮೆಯಾದರೆ ಆಯಿಲ್ ಸೋರುತ್ತಲೇ ಇರುತ್ತದೆ. ಹೆಡ್ ನಟ್ಟುಗಳನ್ನು ಮೊದಲು 10ಕ್ಕೆ, ಆಮೇಲೆ ನಡುವಿನಿಂದ ಹೊರಕ್ಕೆ ಅಡ್ಡಡ್ಡವಾಗಿ 31 ನ್ಯೂಟನ್ ಮೀಟರಿಗೆ ಬಿಗಿಯಿರಿ. "ಇನ್ನೊಂದು ಸ್ವಲ್ಪ" ಎಂದು ಕೈ ಮುಂದೆ ಹೋದರೆ ಸ್ಟಡ್ ಕೇಸಿನಿಂದ ಕಿತ್ತು ಬರುತ್ತದೆ.

ಟ್ಯಾಪೆಟ್ ಸಡಿಲ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.15 ಮಿ.ಮೀ., ಎಂಜಿನ್ ಪೂರ್ತಿ ತಣ್ಣಗಿರುವಾಗ. ಒಂದನೇ ಸಿಲಿಂಡರಿನ ಪಿಸ್ಟನ್ ಗಾಳಿ ಒತ್ತಿ ಹೆಡ್ ಬದಿಯ ತುದಿಗೆ ಬಂದಾಗ ಶುರುಮಾಡಿ, ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋದರೆ 1, 2, 3, 4 ಹೀಗೆ ಸಾಲಾಗಿ ಸಿಗುತ್ತವೆ. ಕಿಡಿ ಹಾರುವ ಕ್ರಮ ಮಾತ್ರ 1-4-3-2.

ಡಿಸ್ಟ್ರಿಬ್ಯೂಟರ್ ಡ್ರೈವ್ ಶಾಫ್ಟಿನ ಸೀಳು ಒಂದನೇ ಪಿಸ್ಟನ್ ಅದೇ ತುದಿಯಲ್ಲಿರುವಾಗ ಕೇಸಿನ ಜೋಡಣೆಯ ಗೆರೆಗೆ ಅಡ್ಡಲಾಗಿ, ಸಣ್ಣ ಭಾಗ ಪುಲ್ಲಿ ಕಡೆಗೆ ಇರಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿನ (ಕಿಡಿಯ ಸ್ವಿಚ್ಚಿನ) ಅಂತರ 0.4 ಮಿ.ಮೀ. ನನ್ನ ಎಂಜಿನ್ನಿಗೆ ಕಿಡಿಯ ಟೈಮಿಂಗ್ ಪಿಸ್ಟನ್ ತುದಿ ಮುಟ್ಟುವುದಕ್ಕೆ 7.5 ಡಿಗ್ರಿ ಮುಂಚೆ. ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ, ಅದು ಹತ್ತುವ ಕ್ಷಣ ನೋಡಿ ಕೂರಿಸಿದೆ.

ತಗಡು, ಪೆಟ್ರೋಲ್ ಪೈಪು

ಹೆಚ್ಚಿನವರು ಹಗುರವಾಗಿ ನೋಡುವ ಭಾಗ ತಗಡು. ನೀರಿಲ್ಲದ ಎಂಜಿನ್ನಿಗೆ ತಗಡೇ ರೇಡಿಯೇಟರ್. ಒಂದು ತುಂಡು ಇಲ್ಲದಿದ್ದರೂ, ಸುತ್ತಲಿನ ರಬ್ಬರ್ ಪಟ್ಟಿ ಹರಿದಿದ್ದರೂ, ಕೆಳಗೆ ಹೋದ ಬಿಸಿ ಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಎರಡು ತುಂಡು ಇರಲೇ ಇಲ್ಲ. ಪರಿಚಯದವರ ಕಾರಿನಿಂದ ರಟ್ಟಿನಲ್ಲಿ ಅಚ್ಚು ತೆಗೆದು, ತಗಡು ಕೆಲಸದವರಿಂದ ಮಾಡಿಸಿದೆ. ಆಯಿಲ್ ಕೂಲರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಾಕಿ ಗುಳ್ಳೆ ಬರುತ್ತದೆಯೇ ನೋಡಿ, ಹೊಸ ಸೀಲಿನೊಂದಿಗೆ ಕೂರಿಸಿ.

ಪೆಟ್ರೋಲ್ ಪೈಪ್ ಹಳೆಯದನ್ನು ಎಂದೂ ಮರಳಿ ಹಾಕಬೇಡಿ. ಈಗ ಪಂಪಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಈ ಕಾರಿನಲ್ಲಿ ಪೈಪ್ ಸೋರಿದರೆ ಪೆಟ್ರೋಲ್ ಬೀಳುವುದು ಕಿಡಿ ಹಾರುವ ಜಾಗದ ಹತ್ತಿರ. ಎಥನಾಲಿಗೆ ತಾಳುವ ಪೈಪು, ಒಳ್ಳೆಯ ಕ್ಲಿಪ್ಪು, ಕಾರಿನಲ್ಲಿ ಒಂದು ಬೆಂಕಿ ನಂದಿಸುವ ಸಿಲಿಂಡರು ಈ ಮೂರೂ ಇರಲೇಬೇಕು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಕಾರು ನಿಂತೇ ಇರುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಡಿ.

ಮೊದಲ ಸ್ಟಾರ್ಟ್, ಮೊದಲ 500 ಕಿಲೋಮೀಟರ್

ಎರಡೂವರೆ ಲೀಟರ್ ಆಯಿಲ್ ಹಾಕಿ. ಪ್ಲಗ್ ಎಲ್ಲ ತೆಗೆದಿಟ್ಟು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಲ್ಲಿ ತಿರುಗಿಸಿ, ನಡುನಡುವೆ ಸ್ಟಾರ್ಟರಿಗೆ ವಿರಾಮ ಕೊಡುತ್ತಾ. ದೀಪ ಆರದೆ ಪ್ಲಗ್ ಹಾಕಬೇಡಿ. ಕ್ಯಾಮ್ ಹೊಸದಾಗಿದ್ದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಸುತ್ತಮುತ್ತ ಇಪ್ಪತ್ತು ನಿಮಿಷ ಓಡಿಸಿ. ಐಡಲಿನಲ್ಲಿ ಬಿಟ್ಟರೆ ಕ್ಯಾಮಿನ ಮುಖ ಮೊದಲ ದಿನವೇ ಹಾಳಾಗಬಹುದು. ಫ್ಯಾನ್ ಬೆಲ್ಟ್ ಇಲ್ಲದೆ "ಒಂದೇ ನಿಮಿಷ ನೋಡೋಣ" ಎಂದು ಓಡಿಸಬೇಡಿ.

ನಾನು ಮೊದಲ ವಾರ ಕಾರವಾರದಿಂದ ಅಂಕೋಲೆಗೆ, ಸುಮಾರು 35 ಕಿಲೋಮೀಟರ್, ಹೋಗಿ ಬರುತ್ತಿದ್ದೆ. ವೇಗ ಒಂದೇ ಸಮನೆ ಹಿಡಿಯದೆ ಏರಿಸಿ ಇಳಿಸಿ ಓಡಿಸಿದರೆ ರಿಂಗ್ ಚೆನ್ನಾಗಿ ಕೂರುತ್ತವೆ. ಘಟ್ಟದ ಕಡೆ ತಿರುಗಿಸಲಿಲ್ಲ. 500 ಕಿಲೋಮೀಟರಿಗೆ ಬಿಸಿ ಆಯಿಲ್ ಇಳಿಸಿ, ತಳದ ಜಾಲರಿ ತೆಗೆದು ಬಿಳಿ ಬಟ್ಟೆಯ ಮೇಲೆ ತಟ್ಟಿ ನೋಡಿ. ನಯವಾದ ಬೂದು ಕೆಸರು ಸಹಜ. ಹೊಳೆಯುವ ಚೂರು ಕಂಡರೆ ಬೇರಿಂಗ್ ಹೋಗುತ್ತಿದೆ. ಜಾಲರಿಯ ತಟ್ಟೆಯ ಆರು ಸಣ್ಣ ನಟ್ಟಿಗೆ ಬೇಕಾದದ್ದು 7 ನ್ಯೂಟನ್ ಮೀಟರ್ ಮಾತ್ರ, ಅಂದರೆ ಗಿಡ್ಡ ಪಾನಾವನ್ನು ಎರಡು ಬೆರಳಲ್ಲಿ ಹಿಡಿದು ಬಿಗಿದಷ್ಟು. ಟ್ಯಾಪೆಟ್ ಅದೇ ದಿನ ಮತ್ತೊಮ್ಮೆ ಅಳೆಯಿರಿ. ನನ್ನದರಲ್ಲಿ ಮೂರನೇ ಸಿಲಿಂಡರಿನ ಎಕ್ಸಾಸ್ಟ್ 0.10ಕ್ಕೆ ಬಿಗಿದಿತ್ತು, ಸರಿಮಾಡಿದೆ. ಮುಂದಿನ ಸಲ ಅಳೆದಾಗ ಕದಲಿರಲಿಲ್ಲ.

ಅದಾದ ಮೇಲೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಏರಿನಲ್ಲಿ ಗೇರ್ ಇಳಿಸಿ ಎಂಜಿನ್ ತಿರುಗಲು ಬಿಡಬೇಕು, ಆಗ ಫ್ಯಾನೂ ಜೋರಾಗಿ ತಿರುಗುತ್ತದೆ. ಮೇಲಿನ ಗೇರಿನಲ್ಲಿ ಗೊಣಗಿಸುತ್ತಾ ಹತ್ತಿಸಿದರೆ ಗಾಳಿಯೂ ಕಡಿಮೆ, ಕಾವೂ ಹೆಚ್ಚು. ಘಟ್ಟದ ಮೇಲೆ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ಅದರ ಹಿಡಿಯನ್ನು ಬೆರಳಲ್ಲಿ ಹಿಡಿದೆ. ಬಿಸಿಯಿತ್ತು, ಆದರೆ ಹಿಡಿದುಕೊಳ್ಳುವಷ್ಟಿತ್ತು. ಐಡಲಿನಲ್ಲಿ ಆಯಿಲ್ ದೀಪ ಹತ್ತಲಿಲ್ಲ.